ರಚ್ಚೆ ಮಗುವಿನದು, ಪಾಠ ಮನೆಯವರಿಗೆ

ವರ್ತನಾ ಚಿಕಿತ್ಸೆಗೆ ಮಗುವನ್ನು ಒಳಗೆ ಕಳಿಸಿ, ಅಪ್ಪ ಅಮ್ಮ ಹೊರಗಿನ ಬೆಂಚಿನಲ್ಲಿ ಮೊಬೈಲ್ ನೋಡುತ್ತ ಕೂರುವುದು ನಮ್ಮಲ್ಲಿ ವಾಡಿಕೆ. ವಾರದ 168 ಗಂಟೆಗಳಲ್ಲಿ ಥೆರಪಿಸ್ಟ್ ಕೈಗೆ ಮಗು ಸಿಗುವುದು ಒಂದೋ ಎರಡೋ ಗಂಟೆ. ಉಳಿದದ್ದೆಲ್ಲ ಊಟ, ಸ್ನಾನ, ಶೂ ಹಾಕಿಸುವ ಜಗಳ. ಹಾಗಾಗಿ ಬೆಂಚಿನ ಮೇಲಿದ್ದವರನ್ನೇ ಒಳಗೆ ಕರೆದು ಕಲಿಸುವ ಪದ್ಧತಿಗಳು ಬಂದಿವೆ.

ಅವುಗಳಲ್ಲಿ ಹೆಸರಾದದ್ದು ಪಿಸಿಐಟಿ (ಪೇರೆಂಟ್-ಚೈಲ್ಡ್ ಇಂಟರ‍್ಯಾಕ್ಷನ್ ಥೆರಪಿ). ಅಮೆರಿಕದ ಮನಶ್ಶಾಸ್ತ್ರಜ್ಞೆ ಶೀಲಾ ಐಬರ್ಗ್ 1970ರ ದಶಕದಲ್ಲಿ ಚಿಕ್ಕ ಮಕ್ಕಳ ಅತಿಯಾದ ಹಟ, ಸಿಟ್ಟಿಗೆಂದು ರೂಪಿಸಿದ್ದು. ಅಮ್ಮನ ಕಿವಿಯಲ್ಲಿ ಪುಟ್ಟ ಇಯರ್‌ಫೋನ್. ಗಾಜಿನಾಚೆ ಕುಳಿತ ಥೆರಪಿಸ್ಟ್ ಅಲ್ಲಿಂದಲೇ ಹೇಳಿಕೊಡುತ್ತಾರೆ. ಮೊದಲ ಹಂತದಲ್ಲಿ ಬರೀ ಆಟ, ಅದೂ ಮಗು ಹೇಳಿದಂತೆ. ಮನೆಯಲ್ಲೂ ದಿನಕ್ಕೆ ಐದು ನಿಮಿಷ ಇದೇ ಅಭ್ಯಾಸ. ಪ್ರಶ್ನೆ, ಆಜ್ಞೆ, ಟೀಕೆ ಬೇಡ. "ಜಾಣ ಮರಿ" ಅಂದರೆ ಸಾಲದು. "ಬ್ಲಾಕು ಎಸೆಯದೆ ಮೆಲ್ಲಗೆ ಇಟ್ಟೆಯಲ್ಲ, ಭೇಷ್" ಎಂದು ಮೆಚ್ಚಿದ್ದು ಯಾತಕ್ಕೆಂದು ಹೇಳಬೇಕು. ಐದು ನಿಮಿಷದಲ್ಲಿ ಅಂಥ ಹತ್ತು ಮೆಚ್ಚುಗೆ ಬರಬೇಕೆಂಬುದು ಈ ಹಂತದ ಗುರಿಗಳಲ್ಲೊಂದು. "ಇದು ಯಾವ ಬಣ್ಣ? ಎಷ್ಟಿದೆ, ಎಣಿಸು" ಎಂದು ಆಟವನ್ನೂ ಪರೀಕ್ಷೆ ಮಾಡುವ ನಮಗೆ ಅಷ್ಟು ಹೊತ್ತು ಬಾಯಿ ಕಟ್ಟುವುದೂ ಬಲು ಕಷ್ಟ.

ಅದಕ್ಕಿಂತ ಕಷ್ಟದ್ದು ರಚ್ಚೆಗೆ ಸೋಲದಿರುವುದು. ಊಟದ ಹೊತ್ತಿಗೆ ಮೊಬೈಲ್ ಇಲ್ಲ ಎಂದ ದಿನ ಹಟ ಇಳಿಯುವ ಮೊದಲು ಏರುವುದೂ ಉಂಟು. ನಿನ್ನೆವರೆಗೆ ಕೆಲಸಕ್ಕೆ ಬಂದ ಅಳು ಇವತ್ತು ಬಾರದಿದ್ದರೆ ಮಗು ಇನ್ನೂ ಜೋರಾಗಿ ಅತ್ತು ನೋಡುತ್ತದೆ. ಇಪ್ಪತ್ತು ನಿಮಿಷ ತಡೆದುಕೊಂಡು, ಆಮೇಲೆ "ಹೋಗ್ಲಿ ಬಿಡು, ಹಸಕೊಂಡು ಮಲಗೀತು" ಎಂದು ಅಜ್ಜಿ ಫೋನು ಕೊಟ್ಟರೋ, ಇಪ್ಪತ್ತು ನಿಮಿಷ ಅತ್ತರೆ ಸಿಗುತ್ತದೆ ಎಂದು ಮಗು ಕಲಿಯಿತು. ಕೊಡುವುದೇ ಆದರೆ ಮೊದಲ ನಿಮಿಷದಲ್ಲೇ ಕೊಡುವುದು ವಾಸಿ. (ತಲೆ ಚಚ್ಚಿಕೊಳ್ಳುವ, ಕಚ್ಚುವ ಮಗುವನ್ನು ಮಾತ್ರ ಹಾಗೇ ಬಿಟ್ಟು ಕೂರುವಂತಿಲ್ಲ, ಅದಕ್ಕೆ ಥೆರಪಿಸ್ಟರನ್ನೇ ಕೇಳಬೇಕು.)

ಕಲಿಸಲು ತಜ್ಞರೇ ಬೇಕೆಂದೂ ಇಲ್ಲ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಆಟಿಸಂ ಇರುವ 65 ಮಕ್ಕಳ ಕುಟುಂಬಗಳೊಡನೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರೇ ಪೋಷಕರ ಜೊತೆ ಕೂತರು. ಪೋಷಕರು ಮಗುವಿನೊಡನೆ ಆಡುವ ವಿಡಿಯೋ ತೆಗೆದು, ಅದನ್ನೇ ಒಟ್ಟಿಗೆ ನೋಡಿ ಮಾತಾಡಿದರು. ಪೋಷಕರು ಮಗುವಿನ ಜಾಡು ಹಿಡಿದು ಸ್ಪಂದಿಸುವುದು ಹೆಚ್ಚಿತು, ಮಗು ತಾನಾಗಿ ಮಾತುಕತೆಗೆ ಮುಂದಾಗುವುದೂ ಹೆಚ್ಚಿತು. ಎಲ್ಲ ಅಳತೆಗಳಲ್ಲೂ ಸುಧಾರಣೆ ಕಾಣಲಿಲ್ಲ, ಅದನ್ನೂ ಹೇಳಬೇಕು.

ನನ್ನ ತಕರಾರು ಒಂದೇ: ನಮ್ಮಲ್ಲಿ ತರಬೇತಿಯೆಂದರೆ ಅಮ್ಮನಿಗೆ ಮಾತ್ರ. ಮನೆಗೆ ಬಂದು ನಿಯಮ ಹೇಳಿದರೆ ಕಲ್ಲೆದೆಯವಳು ಎನಿಸಿಕೊಳ್ಳುವವಳೂ ಅವಳೇ. ಮುಂದಿನ ಸಲ ಅಜ್ಜಿಯನ್ನೂ, ಫೀಸು ಕಟ್ಟಿ ಕಾರಿನಲ್ಲೇ ಕೂರುವ ಅಪ್ಪನನ್ನೂ ಒಳಗೆ ಕರೆಸಿ ಎಂದು ಥೆರಪಿಸ್ಟರನ್ನು ಧಾರಾಳವಾಗಿ ಕೇಳಬಹುದು.