ಕರುಳಿನೊಳಗಿನ ಆಯವ್ಯಯ

ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಅಡುಗೆಯನ್ನು ಉಂಡವರಲ್ಲಿ ಒಬ್ಬನಿಗೆ ಮಾತ್ರ ಮುಖ ಕೆಂಪೇರಿ, ತಲೆನೋವು ಬಂದು, ಹೊಟ್ಟೆ ನುಲಿಯುವುದುಂಟು. ಅದು ಅವನ ಭ್ರಮೆಯೆಂದು ಇತರರು ನಗುವುದೂ ಉಂಟು. ಆದರೆ ಕೆಲವೊಮ್ಮೆ ಈ ಬಾಧೆಗೆ ಹಿಸ್ಟಮಿನ್ ಎಂಬ ರಾಸಾಯನಿಕವು ಕಾರಣವಾಗಿರುತ್ತದೆ.

ಹಿಸ್ಟಮಿನ್ ದೇಹಕ್ಕೆ ಪರಕೀಯವಲ್ಲ. 1910ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಮತ್ತು ಲೇಡ್ಲಾ ಇದರ ಪ್ರಭಾವವನ್ನು ವಿವರಿಸಿದರು. ಜಠರದಲ್ಲಿ ಆಮ್ಲ ಸ್ರವಿಸುವುದಕ್ಕೂ ಗಾಯವಾದೆಡೆಗೆ ರಕ್ತ ಹೆಚ್ಚಾಗಿ ಹರಿಯುವುದಕ್ಕೂ ಅದು ಬೇಕು. ಮಿತಿ ಮೀರಿದಾಗ ಮಾತ್ರ ಪೀಡೆಯಾಗುತ್ತದೆ.

ಈ ಹೆಚ್ಚಳ ಬರುವುದು ಎಲ್ಲಿಂದ? ಆಹಾರದ ಪ್ರೋಟೀನಿನಲ್ಲಿರುವ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ಕೆಲವು ಬ್ಯಾಕ್ಟೀರಿಯಗಳು ಹಿಸ್ಟಮಿನ್ನಾಗಿ ಮಾರ್ಪಡಿಸುತ್ತವೆ. ತಂಪಿನಲ್ಲಿಡದ ಬಂಗುಡೆ ಮೀನಿನಲ್ಲಿ ಮಾರ್ಗನೆಲ್ಲ ಎಂಬ ಬ್ಯಾಕ್ಟೀರಿಯ ಈ ಕೆಲಸ ಮಾಡುತ್ತದೆ. ಹಾಗೆ ಹುಟ್ಟಿದ ಹಿಸ್ಟಮಿನ್ ಬೇಯಿಸಿದರೂ ನಾಶವಾಗದು. ಇದೇ ಬ್ಯಾಕ್ಟೀರಿಯ ಮನುಷ್ಯನ ಕರುಳಿನಲ್ಲಿಯೂ ನೆಲೆಸಬಲ್ಲದು. ಇದು ಆಯದ ಪಕ್ಷ.

ವ್ಯಯದ ಹೊಣೆ ಡೈಅಮೀನ್ ಆಕ್ಸಿಡೇಸ್ ಎಂಬ ಕಿಣ್ವದ್ದು. ಸಣ್ಣ ಕರುಳಿನ ಒಳಪದರದಲ್ಲಿರುವ ಅದು ಹಿಸ್ಟಮಿನ್ನನ್ನು ರಕ್ತಕ್ಕೆ ಸೇರುವ ಮೊದಲೇ ಒಡೆಯುತ್ತದೆ. ಹುಟ್ಟಿನಿಂದಲೋ, ಕರುಳಿನ ರೋಗದಿಂದಲೋ, ಕೆಲವು ಔಷಧಗಳಿಂದಲೋ ಅದು ಕುಂದಿದಾಗ, ಇತರರು ಸಲೀಸಾಗಿ ಅರಗಿಸಿಕೊಳ್ಳುವ ಅಲ್ಪ ಪ್ರಮಾಣವೂ ಹೊರೆಯಾಗುತ್ತದೆ. ಇದನ್ನೇ ಹಿಸ್ಟಮಿನ್ ಅಸಹಿಷ್ಣುತೆ ಎನ್ನುವರು.

ಇದನ್ನು ಖಚಿತವಾಗಿ ತೋರಿಸಿಕೊಡುವ ಪರೀಕ್ಷೆ ಇನ್ನೂ ಇಲ್ಲ. ಆದುದರಿಂದ ರೋಗಿಯನ್ನು ಹಳಿಯುವುದೂ ಸಲ್ಲದು. ಅವನು ಭಯದಿಂದ ಒಂದೊಂದೇ ಆಹಾರವನ್ನು ತೊರೆದು ಸೊರಗುವುದೂ ಸಲ್ಲದು. ವೈದ್ಯರ ಮಾರ್ಗದರ್ಶನದಲ್ಲಿ ಕೆಲವು ವಾರ ಆಹಾರವನ್ನು ಬದಲಿಸಿ ನೋಡುವುದೇ ವಿವೇಕದ ಹಾದಿ.