ಬೆಳಕಾರಿದ ಫಲಕಗಳು, ಕೀಲಿ ನಿಂತ ಗೊಂಬೆಗಳು

ಅಂಗಡಿಯ ನೆತ್ತಿಯ ಮೇಲಿನ ಫಲಕವಾಗಲಿ, ಕೀಲಿ ಕೊಟ್ಟರೆ ಕುಣಿಯುವ ತಗಡಿನ ಗೊಂಬೆಯಾಗಲಿ, ನಾಣ್ಯ ಹಾಕಿದರೆ ಚೂಯಿಂಗ್ ಗಮ್ಮಿನ ಗುಂಡನ್ನು ಉದುರಿಸುವ ಗಾಜಿನ ಬುರುಡೆಯಾಗಲಿ ಹುಟ್ಟುವುದೇ ದಾರಿಹೋಕರ ಕಣ್ಣನ್ನು ಒಂದು ಗಳಿಗೆ ಹಿಡಿದು ನಿಲ್ಲಿಸುವುದಕ್ಕೆ. ಸರಕು ಬಿಕರಿಯಾದ ಮೇಲೆ, ಮಗು ದೊಡ್ಡದಾದ ಮೇಲೆ, ಅಂಗಡಿ ಕೈಬದಲಾದ ಮೇಲೆ ಅವುಗಳತ್ತ ತಿರುಗಿ ನೋಡುವವರಿರುವುದಿಲ್ಲ. ಹೀಗೆ ಕೆಲಸ ಕಳೆದುಕೊಂಡ, ಇಲ್ಲವೇ ಕಳೆದುಕೊಳ್ಳುವ ಅಂಚಿನಲ್ಲಿದ್ದ ವಸ್ತುಗಳನ್ನು 1960ರ ದಶಕದ ಕೊನೆಯಿಂದ ಅಮೆರಿಕದ ಕೆಲವು ಚಿತ್ರಕಾರರು ದೊಡ್ಡ ದೊಡ್ಡ ಕ್ಯಾನ್ವಾಸುಗಳ ಮೇಲೆ, ಅವುಗಳ ತುಕ್ಕಿನ ಕಲೆಯೂ ತಪ್ಪದಂತೆ ಬರೆಯತೊಡಗಿದರು. ನ್ಯೂಯಾರ್ಕಿನ ಗ್ಯಾಲರಿ ಮಾಲೀಕ ಲೂಯಿ ಮೈಸೆಲ್ 1969ರಲ್ಲಿ ಟಂಕಿಸಿದ 'ಫೋಟೊರಿಯಲಿಸಂ' ಎಂಬ ಹೆಸರು ಈ ಪಂಥಕ್ಕೆ ಅಂಟಿಕೊಂಡಿತು. ಕ್ಯಾಮೆರಾದಿಂದ ವಿವರಗಳನ್ನು ಸಂಗ್ರಹಿಸುವುದು, ಆ ವಿವರಗಳನ್ನು ಯಾಂತ್ರಿಕವಾದ ಅಥವಾ ಅರೆಯಾಂತ್ರಿಕವಾದ ವಿಧಾನದಿಂದ ಕ್ಯಾನ್ವಾಸಿಗೆ ಇಳಿಸುವುದು, ಮುಗಿದ ಚಿತ್ರವು ಛಾಯಾಚಿತ್ರದಂತೆಯೇ ಕಾಣುವಷ್ಟು ಕೈಚಳಕವನ್ನು ಸಾಧಿಸುವುದು ಇವು ಮೈಸೆಲ್ ನೀಡಿದ ವ್ಯಾಖ್ಯೆಯ ಮುಖ್ಯಾಂಶಗಳು.

ಈ ಚಿತ್ರಗಳ ಪ್ರಸ್ತಾಪ ಬಂದಾಗಲೆಲ್ಲ ಬೆನ್ನಿಗೇ ಬರುವ ಪದ 'ನಾಸ್ಟಾಲ್ಜಿಯಾ'. ಕನ್ನಡ ವಿಮರ್ಶೆ ಅದನ್ನು 'ಹಳಹಳಿಕೆ' ಎನ್ನುತ್ತದೆ. ಗ್ರೀಕ್ ಭಾಷೆಯ 'ಮನೆಗೆ ಮರಳುವಿಕೆ' ಮತ್ತು 'ನೋವು' ಎಂಬರ್ಥದ ಎರಡು ಪದಗಳನ್ನು ಬೆಸೆದು ಯೊಹಾನ್ನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿ 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮಂಡಿಸಿದ ಪ್ರಬಂಧದಲ್ಲಿ ಈ ಶಬ್ದ ಹುಟ್ಟಿತು. ಅಲ್ಲಿ ಅದು ಊರು ಬಿಟ್ಟು ಬಂದವರನ್ನು ಕಾಡುವ ಒಂದು ಕಾಯಿಲೆಯ ಹೆಸರಾಗಿತ್ತು. ದೂರದ ಊರಿಗಾಗಿ ಪಡುವ ಸಂಕಟವನ್ನು ಹೇಳುತ್ತಿದ್ದ ಪದ ಕಾಲಾಂತರದಲ್ಲಿ ಕಳೆದ ಕಾಲಕ್ಕಾಗಿ ಪಡುವ ಸಂಕಟಕ್ಕೆ ಸಂದಿತು. ಆದರೆ ಫೋಟೊರಿಯಲಿಸಂನ ಕ್ಯಾನ್ವಾಸುಗಳಲ್ಲಿ ಇಂಥ ಸಂಕಟದ ಗುರುತು ಹುಡುಕಿದರೂ ಸಿಗುವುದಿಲ್ಲವೆಂಬುದು ಗಮನಾರ್ಹ. ಅವು ತಣ್ಣಗಿವೆ, ಶುಭ್ರವಾಗಿವೆ, ಲೆಕ್ಕಪತ್ರದಷ್ಟು ನಿರುದ್ವಿಗ್ನವಾಗಿವೆ; ಹಳಹಳಿಕೆಯನ್ನು ಅವುಗಳೊಳಗೆ ತುಂಬಿದ್ದು ಕುಂಚವಲ್ಲ, ಚಿತ್ರ ಒಣಗಿದ ಮೇಲೆ ಹೊರಗಿನ ಬೀದಿಯಲ್ಲಿ ನಡೆದ ಬದಲಾವಣೆ.

ಆ ಬದಲಾವಣೆಯ ಹಿನ್ನೆಲೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಫ್ರಾನ್ಸಿನ ಜಾರ್ಜ್ ಕ್ಲೋಡ್ 1910ರಲ್ಲಿ ಪ್ಯಾರಿಸ್ಸಿನ ವಾಹನ ಪ್ರದರ್ಶನದಲ್ಲಿ ತೋರಿಸಿದ ನಿಯಾನ್ ದೀಪ ಮುಂದಿನ ದಶಕಗಳಲ್ಲಿ ಅಮೆರಿಕದ ಪೇಟೆಬೀದಿಗಳ ಚಹರೆಯನ್ನೇ ಬದಲಿಸಿತು. ಕಾಯಿಸಿ ಅಕ್ಷರದ ಆಕಾರಕ್ಕೆ ಬಗ್ಗಿಸಿದ ಗಾಜಿನ ಕೊಳವೆಯಿಂದ ಗಾಳಿಯನ್ನು ಹೊರತೆಗೆದು, ಅದರೊಳಗೆ ಅಲ್ಪ ಒತ್ತಡದಲ್ಲಿ ಅನಿಲ ತುಂಬಿ, ಎರಡು ತುದಿಗಳ ನಡುವೆ ಅಧಿಕ ವೋಲ್ಟೇಜಿನ ವಿದ್ಯುತ್ ಹರಿಸಿದರೆ ಅನಿಲವೇ ಬೆಳಗುತ್ತದೆ. ನಿಯಾನ್ ಅನಿಲ ಕೊಡುವುದು ಕೆಂಡದಂಥ ಕಿತ್ತಳೆಗೆಂಪನ್ನು ಮಾತ್ರ, ನೀಲಿ ಮೊದಲಾದ ಬಣ್ಣಗಳು ಬೇಕಾದರೆ ಆರ್ಗಾನ್ ಮತ್ತು ಪಾದರಸದ ಮೊರೆಹೋಗಬೇಕು. ಇಂಥ ಕೊಳವೆಗಳನ್ನು ಎನಾಮಲ್ ತಗಡಿನ ಮೇಲೆ, ಎಂದರೆ ಗಾಜಿನ ಪುಡಿಯನ್ನು ಕುಲುಮೆಯ ಶಾಖದಲ್ಲಿ ಕರಗಿಸಿ ಕಬ್ಬಿಣಕ್ಕೆ ಬೆಸೆದ ಬಣ್ಣದ ಹಾಳೆಯ ಮೇಲೆ, ಕೂರಿಸಿ ಸಿನಿಮಾ ಮಂದಿರಗಳೂ ಚಪ್ಪಲಿ ಅಂಗಡಿಗಳೂ ತಮ್ಮ ಹೆಸರು ಬರೆಸಿಕೊಂಡವು. 1956ರ ಕಾಯಿದೆಯ ಮೂಲಕ ಅಂತರರಾಜ್ಯ ಹೆದ್ದಾರಿಗಳ ಜಾಲ ಹರಡತೊಡಗಿದಾಗ ವಾಹನಗಳು ಪೇಟೆಗಳನ್ನು ಬಳಸಿಕೊಂಡು ಹೊರಗಿನಿಂದಲೇ ಸಾಗಿದವು. ವ್ಯಾಪಾರ ಊರಾಚೆಯ ಮಾಲ್‌ಗಳಿಗೆ ಹೋಯಿತು. ಒಳಗೆ ಟ್ಯೂಬ್‌ಲೈಟ್ ಉರಿಯುವ ಪ್ಲಾಸ್ಟಿಕ್ ಪೆಟ್ಟಿಗೆಗಳು ನಿಯಾನಿಗಿಂತ ಅಗ್ಗವಾದವು. ಹೆದ್ದಾರಿಗಳ ಇಕ್ಕೆಲದ ಜಾಹೀರಾತು ಫಲಕಗಳಿಗೆ 1965ರ ಹೆದ್ದಾರಿ ಸೌಂದರ್ಯ ಕಾಯಿದೆ ಕಡಿವಾಣ ಹಾಕಿತು. ಶಿಕಾಗೊದಿಂದ ಪಶ್ಚಿಮ ಕರಾವಳಿಯವರೆಗೆ ಸುಮಾರು 3,900 ಕಿಲೊಮೀಟರ್ ಹಬ್ಬಿದ್ದ, 1926ರಲ್ಲಿ ಸ್ಥಾಪಿತವಾದ 'ರೂಟ್ 66' ಎಂಬ ಪ್ರಸಿದ್ಧ ಹೆದ್ದಾರಿಯನ್ನು 1985ರಲ್ಲಿ ಅಧಿಕೃತ ಪಟ್ಟಿಯಿಂದಲೇ ಕೈಬಿಡಲಾಯಿತು.

ಫಲಕಗಳ ಚಿತ್ರಕಾರರಲ್ಲಿ ಎಲ್ಲರಿಗಿಂತ ಮುಖ್ಯನಾದ ರಾಬರ್ಟ್ ಕಾಟಿಂಗ್‌ಹ್ಯಾಮ್ ಹುಟ್ಟಿದ್ದು 1935ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಜಾಹೀರಾತು ಸಂಸ್ಥೆಯೊಂದರಲ್ಲಿ ಕಲಾ ನಿರ್ದೇಶಕನಾಗಿದ್ದ ಅವನನ್ನು 1964ರಲ್ಲಿ ಲಾಸ್ ಏಂಜಲೀಸಿಗೆ ವರ್ಗ ಮಾಡಲಾಯಿತು. ಅಲ್ಲಿನ ಕಣ್ಣು ಕೋರೈಸುವ ಬಿಸಿಲಿನಲ್ಲಿ ಹಳೆಯ ಪೇಟೆಯ ಅಂಗಡಿಮುಂಗಟ್ಟುಗಳನ್ನು ಕಂಡ ಅವನು 1968ರ ಹೊತ್ತಿಗೆ ನೌಕರಿ ಬಿಟ್ಟು ಪೂರ್ಣಾವಧಿಯ ಚಿತ್ರಕಾರನಾದ. ಮಾರುವ ಅಕ್ಷರಗಳ ಲೆಕ್ಕಾಚಾರವನ್ನು ಒಳಗಿನಿಂದ ಬಲ್ಲವನು ಮಾರಾಟ ಮುಗಿದ ಅಕ್ಷರಗಳನ್ನು ಚಿತ್ರಿಸಲು ಹೊರಟದ್ದು ಆಕಸ್ಮಿಕವೆನಿಸುವುದಿಲ್ಲ.

ಕಾಟಿಂಗ್‌ಹ್ಯಾಮನ ಚಿತ್ರಗಳಲ್ಲಿ ನೋಟ ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಹಾಯುತ್ತದೆ; ಕಾಲುದಾರಿಯಲ್ಲಿ ನಿಂತು ಕತ್ತೆತ್ತಿದವನಿಗೆ ಕಾಣುವಂತೆ ಫಲಕಗಳು ಓರೆಯಾಗಿ ಆಕಾಶಕ್ಕೆ ಚಾಚಿಕೊಂಡಿರುತ್ತವೆ. ಅವನು ಆರಿಸಿಕೊಂಡದ್ದು ರಾತ್ರಿಯನ್ನಲ್ಲ, ಹಗಲನ್ನು ಎಂಬುದು ಇನ್ನೂ ಮುಖ್ಯವಾದ ಸಂಗತಿ. ರಾತ್ರಿಯ ನಿಯಾನ್ ತನ್ನ ಮೈಯನ್ನು ಬೆಳಕಿನಲ್ಲಿ ಮರೆಸಿಕೊಳ್ಳುತ್ತದೆ. ಹಗಲಿನಲ್ಲಾದರೋ ಅದು ಮಬ್ಬು ಬಣ್ಣದ ಬರಿಯ ಗಾಜಿನ ಕೊಳವೆ, ಅದನ್ನು ಹಿಡಿದ ಕೊಂಡಿಗಳು, ತೂರಿಬಂದ ತಂತಿ, ಸುಲಿದ ಬಣ್ಣ, ಎಲ್ಲಕ್ಕಿಂತ ಮಿಗಿಲಾಗಿ ಕೊಳವೆಯ ನೆರಳು ತಗಡಿನ ಮೇಲೆ ಮತ್ತೊಮ್ಮೆ ಬರೆದ ಅದೇ ಅಕ್ಷರ, ಇಷ್ಟೂ ಕಾಣುತ್ತವೆ. ಛಾಯಾಚಿತ್ರದ ಸ್ಲೈಡನ್ನು ಪ್ರೊಜೆಕ್ಟರಿನಲ್ಲಿ ಮೂಡಿಸಿ, ಅದರಿಂದ ಮೊದಲು ಕಪ್ಪು ಬಿಳುಪಿನ ರೇಖಾಚಿತ್ರ ಮಾಡಿ ನೆರಳು ಬೆಳಕಿನ ಹದ ಕಂಡುಕೊಂಡು, ಬಳಿಕ ಜಲವರ್ಣದಲ್ಲಿ ಬಣ್ಣಗಳನ್ನು ಪರೀಕ್ಷಿಸಿ, ಕೊನೆಗೆ ತೈಲವರ್ಣಕ್ಕೆ ಬರುವುದು ಅವನ ಕ್ರಮ. ಈ ಹಂತಗಳಲ್ಲಿ ಛಾಯಾಚಿತ್ರದ ಎಷ್ಟೋ ವಿವರ ಬಿದ್ದುಹೋಗುತ್ತದೆ, ಎಷ್ಟೋ ತಿದ್ದುಪಡಿಯಾಗುತ್ತದೆ. ಆದ್ದರಿಂದ ಇವನದು ಫೋಟೊದ ನಕಲು ಎಂಬ ಆಕ್ಷೇಪ ಚಿತ್ರಗಳನ್ನು ಸಾವಧಾನವಾಗಿ ನೋಡಿದವರದ್ದಲ್ಲ.

ಅವನ ಅತ್ಯಂತ ಜಾಣ ಉಪಾಯವೆಂದರೆ ಪದಗಳನ್ನು ಕತ್ತರಿಸುವುದು. ಚೌಕಟ್ಟಿನ ಅಂಚನ್ನು ಫಲಕದ ನಡುವೆಯೇ ಹಾಯಿಸಿ, ಉಳಿದ ತುಣುಕು ತಾನೇ ಒಂದು ಪದವಾಗುವಂತೆ ಅವನು ಮಾಡುತ್ತಾನೆ. ಕನ್ನಡದಲ್ಲಿ ಹೇಳುವುದಾದರೆ, 'ಕಲಾಮಂದಿರ' ಎಂಬ ಫಲಕದ ಎಡತುದಿಯ ಎರಡಕ್ಷರವನ್ನೂ ಬಲತುದಿಯ ಒಂದಕ್ಷರವನ್ನೂ ಚೌಕಟ್ಟಿನಿಂದಾಚೆ ಬಿಟ್ಟರೆ ನೋಡುಗರ ಮುಂದೆ 'ಮಂದಿ' ನಿಲ್ಲುತ್ತದೆಯಲ್ಲವೆ, ಅಂಥ ಆಟ ಇದು. 1971ರ 'ಆರ್ಟ್', ಎಂದರೆ 'ಕಲೆ', ಇದೇ ಜಾತಿಯ ಚಿತ್ರ: ಬೀದಿಯ ಫಲಕವೊಂದು ತನಗರಿವಿಲ್ಲದೆಯೇ ತಾನು ಕಲೆಯೆಂದು ಸಾರಿಕೊಳ್ಳುತ್ತದೆ. 1972ರ 'ಆರ್ಫ್' ಚಿತ್ರದಲ್ಲಿ 'ಆರ್ಫಿಯಂ' ಎಂಬ ರಂಗಮಂದಿರದ ಹೆಸರಿನ ಮೊದಲ ಅಕ್ಷರಗಳಷ್ಟೇ ಇವೆ. ಅಮೆರಿಕದ ಅನೇಕ ಊರುಗಳಲ್ಲಿದ್ದ ಈ ಹೆಸರಿನ ಮಂದಿರಗಳ ಹಿಂದೆ ಗ್ರೀಕ್ ಪುರಾಣದ ಗಾಯಕ ಆರ್ಫಿಯಸ್ ಇದ್ದಾನೆ. ಪಾತಾಳದಿಂದ ಹೆಂಡತಿಯನ್ನು ಕರೆತರುವಾಗ ಹಿಂತಿರುಗಿ ನೋಡಿದ್ದಕ್ಕಾಗಿ ಅವಳನ್ನು ಎರಡನೆಯ ಸಲ ಕಳೆದುಕೊಂಡವನು ಅವನು. ಚಿತ್ರಕಾರನಿಗೆ ಈ ವ್ಯಂಗ್ಯ ಉದ್ದೇಶವಾಗಿತ್ತೋ ಇಲ್ಲವೋ, ಹಳೆಯ ಫಲಕವೊಂದರ ಚಿತ್ರಕ್ಕೆ ಇದಕ್ಕಿಂತ ಒಪ್ಪುವ ತುಂಡುಪದ ಸಿಗುವುದು ಕಷ್ಟ.

ಇದೇ ದಾರಿಯಲ್ಲಿ ನಡೆದ ಇತರರನ್ನು ಇಲ್ಲಿ ಹೆಸರಿಸಿದರೆ ಸಾಕು. ರಾಲ್ಫ್ ಗೋಯಿಂಗ್ಸ್ ಪಿಕಪ್ ಲಾರಿಗಳನ್ನೂ ಹೋಟೆಲಿನ ಮೇಜಿನ ಮೇಲಿನ ಉಪ್ಪಿನ ಡಬ್ಬಿ, ಸಾಸ್ ಬಾಟಲಿಗಳನ್ನೂ ಬರೆದ. ಡೇವಿಸ್ ಕೋನ್ ಹಳೆಯ ಸಿನಿಮಾ ಮಂದಿರಗಳ ಮುಖಗಳನ್ನು ಆರಿಸಿಕೊಂಡ. ಜಾನ್ ಬೇಡರ್ ಕೂಡ ಜಾಹೀರಾತು ಲೋಕದಿಂದಲೇ ಬಂದವನು. 'ಡೈನರ್' ಎಂಬ ಅಗ್ಗದ ರಸ್ತೆಬದಿ ಉಪಾಹಾರಗೃಹಗಳಿಗೇ ಅಂಟಿಕೊಂಡು, 1978ರಲ್ಲಿ ಅವುಗಳ ಮೇಲೆ ಪುಸ್ತಕವನ್ನೂ ತಂದ. 1872ರಲ್ಲಿ ಪ್ರಾವಿಡೆನ್ಸ್ ನಗರದಲ್ಲಿ ರಾತ್ರಿಪಾಳಿಯವರಿಗೆ ಊಟ ಮಾರುತ್ತಿದ್ದ ಕುದುರೆಗಾಡಿಯೊಂದರಿಂದ ಬೆಳೆದುಬಂದ ಈ ಗೃಹಗಳು ರೈಲುಡಬ್ಬಿಯ ಆಕಾರದಲ್ಲಿ ಕಾರ್ಖಾನೆಯಲ್ಲೇ ತಯಾರಾಗಿ ಊರೂರಿಗೆ ಸಾಗುತ್ತಿದ್ದವು.

ಆಟಿಕೆಗಳ ವಿಷಯಕ್ಕೆ ಬಂದರೆ ಚಾರ್ಲ್ಸ್ ಬೆಲ್‌ನ ಹೆಸರು ಮೊದಲು ನಿಲ್ಲುತ್ತದೆ. ಇವನೂ 1935ರಲ್ಲೇ, ಓಕ್ಲಹಾಮಾ ರಾಜ್ಯದ ಟಲ್ಸಾದಲ್ಲಿ ಹುಟ್ಟಿದವನು. ಓದಿದ್ದು ವಾಣಿಜ್ಯಾಡಳಿತ, ಚಿತ್ರಕಲೆಯನ್ನು ಶಾಲೆಯಲ್ಲಿ ಕಲಿತವನಲ್ಲ. 1967ರಲ್ಲಿ ನ್ಯೂಯಾರ್ಕಿಗೆ ಬಂದು ನೆಲೆಸಿದ ಅವನು 1995ರಲ್ಲಿ ತೀರಿಕೊಳ್ಳುವವರೆಗೂ ತಗಡಿನ ಆಟಿಕೆ, ಗಮ್ ಯಂತ್ರ, ಗೋಲಿ, ಪಿನ್‌ಬಾಲ್ ಇವುಗಳ ಸುತ್ತಲೇ ಸುತ್ತಿದ. ಕಾಟಿಂಗ್‌ಹ್ಯಾಮ್ ಬೀದಿಗೆ ಹೋಗಿ ಸಿಕ್ಕಿದ್ದನ್ನು ಹಿಡಿದರೆ, ಬೆಲ್ ವಸ್ತುಗಳನ್ನು ತನ್ನ ಕೋಣೆಗೇ ತಂದು, ಜೋಡಿಸಿ, ದೀಪಗಳನ್ನು ತನಗೆ ಬೇಕಾದಂತೆ ನಿಲ್ಲಿಸಿ ಛಾಯಾಚಿತ್ರ ತೆಗೆದು, ಬಳಿಕ ಅವನ್ನು ನಿಜಗಾತ್ರದ ಹಲವು ಪಟ್ಟು ಹಿಗ್ಗಿಸಿ ತೈಲವರ್ಣದಲ್ಲಿ ಬರೆಯುತ್ತಿದ್ದ.

ತಗಡಿನ ಆಟಿಕೆ ಚಿತ್ರಕಾರನಿಗೆ ಯಾಕೆ ಇಷ್ಟು ಹಿಡಿಸುತ್ತದೆಂಬುದು ಅದನ್ನು ತಯಾರಿಸುವ ರೀತಿಯಿಂದ ತಿಳಿಯುತ್ತದೆ. ತವರದ ಲೇಪವಿರುವ ತೆಳು ಉಕ್ಕಿನ ಹಾಳೆ ಚಪ್ಪಟೆಯಾಗಿರುವಾಗಲೇ ಅದರ ಮೇಲೆ ಕಣ್ಣು, ಮೀಸೆ, ಅಂಗಿಯ ಗುಂಡಿ ಎಲ್ಲವನ್ನೂ ಶಿಲಾಮುದ್ರಣದ ತತ್ತ್ವವನ್ನೇ ಅನುಸರಿಸುವ ಲಿಥೊಗ್ರಫಿ ಎಂಬ ವಿಧಾನದಿಂದ ಬಣ್ಣದಲ್ಲಿ ಅಚ್ಚು ಹಾಕುತ್ತಾರೆ. ಆಮೇಲೆ ಅಚ್ಚಿನಿಂದ ಕತ್ತರಿಸಿ, ಒತ್ತಿ ಬಗ್ಗಿಸಿ, ತಗಡಿನದೇ ಸಣ್ಣ ಕಿವಿಗಳನ್ನು ಸೀಳುಗಳೊಳಗೆ ತೂರಿಸಿ ಮಡಚಿ, ಒಳಗೆ ಸುರುಳಿ ಸ್ಪ್ರಿಂಗನ್ನು ಇಟ್ಟರೆ ಗೊಂಬೆ ಸಿದ್ಧ. ಜರ್ಮನಿಯ ನ್ಯೂರೆಂಬರ್ಗ್ ಈ ಉದ್ಯಮದ ಹೆಸರುವಾಸಿ ಕೇಂದ್ರವಾಗಿತ್ತು. ಎರಡನೆಯ ಮಹಾಯುದ್ಧದ ತರುವಾಯ ಜಪಾನ್ ಅದರ ಸರಿಸಮಕ್ಕೆ ಬಂದಿತು. ಕಡೆಗೆ ಪ್ಲಾಸ್ಟಿಕ್ ಬಂದು ಇಬ್ಬರ ಮಾರುಕಟ್ಟೆಯನ್ನೂ ಕಸಿದುಕೊಂಡಿತು. ಎಂದರೆ ತಗಡಿನ ಗೊಂಬೆ ಮೂಲದಲ್ಲೇ ಒಂದು ಚಪ್ಪಟೆ ಚಿತ್ರ, ಅದು ಮಡಿಕೆಯಿಂದ ಮೈಪಡೆದಿದೆ. ಬೆಲ್ ಅದನ್ನು ಪುನಃ ಚಪ್ಪಟೆ ಕ್ಯಾನ್ವಾಸಿಗೆ ಮರಳಿಸಿ, ಮೈಯಿರುವ ಭ್ರಮೆಯನ್ನಷ್ಟೇ ಉಳಿಸಿಕೊಳ್ಳುತ್ತಾನೆ.

ಬೆಲ್‌ನ ಗಮ್ ಯಂತ್ರಗಳ ಸರಣಿಯಲ್ಲಿ 1975ರ 'ಗಮ್ ಬಾಲ್ ನಂ. 10: ಶುಗರ್ ಡ್ಯಾಡಿ' ಪ್ರಸಿದ್ಧವಾದದ್ದು, ಐದೂವರೆ ಅಡಿ ಚೌಕದ ಆ ಕ್ಯಾನ್ವಾಸು ನ್ಯೂಯಾರ್ಕಿನ ಗುಗನ್‌ಹೈಮ್ ಸಂಗ್ರಹಾಲಯದಲ್ಲಿದೆ. ಇದೇ ವಸ್ತುವನ್ನು ಕ್ಯಾಲಿಫೋರ್ನಿಯಾದ ಹಿರಿಯ ಚಿತ್ರಕಾರ ವೇಯ್ನ್ ತೀಬೊ 1963ರಲ್ಲೇ 'ಥ್ರೀ ಮಷೀನ್ಸ್' ಎಂಬ ಚಿತ್ರದಲ್ಲಿ ಬರೆದಿದ್ದ. ಎರಡನ್ನೂ ಹೋಲಿಸಿದರೆ ಇಬ್ಬರ ಸ್ವಭಾವವೂ ತೆರೆದುಕೊಳ್ಳುತ್ತದೆ. ತೀಬೊನ ಬಣ್ಣ ಕೇಕಿನ ಮೇಲಿನ ಕೆನೆಯಂತೆ ದಪ್ಪ, ಅವನ ಯಂತ್ರಗಳು ಖಾಲಿ ಬಿಳುಪಿನ ಮುಂದೆ ಬೊಂಬೆಗಳಂತೆ ಸಾಲಾಗಿ ನಿಂತಿವೆ, ಅವನ್ನು ನೋಡಿದ ಕೂಡಲೇ ಮುಖದಲ್ಲಿ ನಗೆ ಸುಳಿಯುತ್ತದೆ. ಬೆಲ್‌ನದು ಕುಂಚದ ಗುರುತೇ ಕಾಣದ ನುಣುಪು. ಅಲ್ಲಿ ಗಾಜಿನ ಹೊರಮೈಯಲ್ಲಿ ಕೋಣೆಯ ದೀಪದ ಪ್ರತಿಬಿಂಬ, ಗಾಜಿನೊಳಗೆ ಒಂದರ ಮೇಲೊಂದು ಒತ್ತಿಕೊಂಡ ಗುಂಡುಗಳು, ಅವುಗಳ ಮೈಮೇಲೆ ಮತ್ತೆ ಸಣ್ಣ ಸಣ್ಣ ಹೊಳಪು. ಮಗುವಿನ ಮುಷ್ಟಿಯಲ್ಲಿ ಅಡಗುವ ವಸ್ತು ಇಲ್ಲಿ ನಿಜಗಾತ್ರದ ಹಲವು ಪಟ್ಟು ದೊಡ್ಡದು. ಮಗುವಿಗೆ ಅದು ಕಂಡಿದ್ದ ಗಾತ್ರಕ್ಕೆ ಇದು ಹತ್ತಿರವಾದದ್ದೆಂದು ತೋರುತ್ತದೆ, ಮತ್ತು ಆ ಗಾತ್ರದಲ್ಲಿ ಆಟಿಕೆ ಮುದ್ದಾಗಿ ಕಾಣದೆ ಸ್ವಲ್ಪ ಭಯವನ್ನೂ ಹುಟ್ಟಿಸುತ್ತದೆ. ಗೋಲಿಗಳ ಚಿತ್ರಗಳಲ್ಲಿ ಗಾಜಿನೊಳಗಿನ ಬಣ್ಣದ ಎಳೆ ಯಾವುದೋ ಗ್ರಹದ ಮೇಲಿನ ಮೋಡದಂತೆ ಸುತ್ತಿಕೊಂಡಿರುತ್ತದೆ.

ಪಿನ್‌ಬಾಲ್ ಎಂಬುದು ಗಾಜು ಮುಚ್ಚಿದ ಇಳಿಜಾರು ಹಲಗೆಯ ಮೇಲೆ ಉಕ್ಕಿನ ಗುಂಡೊಂದು ಗೂಟ, ಗಂಟೆ, ದೀಪಗಳಿಗೆ ಬಡಿಯುತ್ತ ಜಾರುವ ಆಟ. ಗುಂಡನ್ನು ಮತ್ತೆ ಮೇಲಕ್ಕೆ ಚಿಮ್ಮಿಸುವ ಕೈಗಳು 1947ರ 'ಹಂಪ್ಟಿ ಡಂಪ್ಟಿ' ಎಂಬ ಯಂತ್ರದೊಡನೆ ಬಂದವು. ಅಲ್ಲಿಯವರೆಗೆ ಗುಂಡಿನ ಗತಿ ಬಹುಪಾಲು ಅದೃಷ್ಟಾಧೀನವಾಗಿದ್ದುದರಿಂದ ಅಧಿಕಾರಿಗಳ ಕಣ್ಣಿಗೆ ಅದು ಜೂಜಾಗಿ ಕಂಡು, ನ್ಯೂಯಾರ್ಕ್ ನಗರ 1942ರಲ್ಲಿ ಅದನ್ನು ನಿಷೇಧಿಸಿತು. ರಾಜರ್ ಶಾರ್ಪ್ ಎಂಬ ಆಟಗಾರ ಗುಂಡು ಎಲ್ಲಿ ಹೋಗುತ್ತದೆಂದು ಮೊದಲೇ ಹೇಳಿ ಹಾಗೆಯೇ ಚಿಮ್ಮಿಸಿ, ಇದು ಕೌಶಲದ ಆಟವೆಂದು ನಗರಸಭೆಯವರ ಎದುರು ತೋರಿಸಿಕೊಟ್ಟ ಮೇಲೆ, 1976ರಲ್ಲಿ ಆ ನಿಷೇಧ ತೆರವಾಯಿತು. ಬೆಲ್ ಈ ಯಂತ್ರವನ್ನು ದೂರದಿಂದ ತೋರಿಸುವುದಿಲ್ಲ. ಗಾಜಿನ ಕೆಳಗಿನ ಹಲಗೆಗೇ ಇಳಿದು, ಬಣ್ಣದ ದೀಪಗಳ ನಡುವೆ ಉಕ್ಕಿನ ಗುಂಡಿನ ಮೈಮೇಲೆ ಇಡೀ ಮೇಳ ಬಾಗಿ ಪ್ರತಿಫಲಿಸುವುದನ್ನು ಬರೆಯುತ್ತಾನೆ. ಗೆದ್ದದ್ದೂ ಸೋತದ್ದೂ ತಿಳಿಯದೆ ಗುಂಡು ಅಲ್ಲೇ ನಿಂತಿರುತ್ತದೆ.

1972ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ನಡೆದ ಐದನೆಯ 'ಡಾಕ್ಯುಮೆಂಟಾ' ಪ್ರದರ್ಶನ ಫೋಟೊರಿಯಲಿಸಂ ಅನ್ನು ಯೂರೋಪಿನ ಗಮನಕ್ಕೆ ತಂದಿತು. ಅದೇ ವರ್ಷ ವಾಸ್ತುಶಿಲ್ಪಿಗಳಾದ ರಾಬರ್ಟ್ ವೆಂಚುರಿ, ಡೆನಿಸ್ ಸ್ಕಾಟ್ ಬ್ರೌನ್ ಮತ್ತು ಸ್ಟೀವನ್ ಐಜನೂರ್ ತಮ್ಮ 'ಲರ್ನಿಂಗ್ ಫ್ರಂ ಲಾಸ್ ವೇಗಸ್' ಗ್ರಂಥದಲ್ಲಿ ರಸ್ತೆಬದಿಯ ಫಲಕಗಳು ಅಧ್ಯಯನಕ್ಕೆ ಅರ್ಹವಾದ ವಾಸ್ತು ಭಾಷೆಯೆಂದು ವಾದಿಸಿದರು. ವಿದ್ವಾಂಸರ ಮನ್ನಣೆ ಹೀಗೆ ಬರುವ ಹೊತ್ತಿಗೆ ಫಲಕಗಳು ಇಳಿಯತೊಡಗಿದ್ದವು. 1996ರಲ್ಲಿ ಲಾಸ್ ವೇಗಸ್ಸಿನಲ್ಲಿ ಸ್ಥಾಪನೆಯಾದ ನಿಯಾನ್ ಮ್ಯೂಸಿಯಂ, ಮೂಳೆಗಳ ಅಂಗಳವೆಂಬ ಅರ್ಥದ 'ಬೋನ್‌ಯಾರ್ಡ್' ಎಂಬ ಬಯಲಿನಲ್ಲಿ, ಹೋಟೆಲು ಕ್ಯಾಸಿನೊಗಳಿಂದ ಕಳಚಿ ತಂದ ಫಲಕಗಳನ್ನು ನೆಲದ ಮೇಲೆಯೇ ಒರಗಿಸಿ ಇಟ್ಟಿದೆ. ಹೆಸರುಗಳು ಒಂದರ ಹಿಂದೊಂದು ಮರೆಯಾಗಿ ಅಕ್ಷರಗಳು ಅರ್ಧಂಬರ್ಧ ಇಣುಕುತ್ತವೆ. ಅಲ್ಲಿ ಅಡ್ಡಾಡುವವರು ಕತ್ತೆತ್ತಬೇಕಾಗಿಲ್ಲ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಗಾಜಿನ ಕೊಳವೆಯೂ ಅದರ ಕೊಂಡಿಯೂ ತಗಡಿನ ಮೇಲಿನ ಅದರ ನೆರಳೂ ಹಗಲ ಬಿಸಿಲಿನಲ್ಲಿ ಕಾಣುತ್ತವೆ.