ನಿಮಗಿದು ಗೊತ್ತೆ? ಜೇನಿನ ಲೀಟರ್ ಬೇರೆ, ಕಿಲೋ ಬೇರೆ!

ಒಂದು ಲೀಟರ್ ನೀರು ತೂಗುವುದು ಒಂದು ಕಿಲೋ. ಒಂದು ಲೀಟರ್ ಜೇನುತುಪ್ಪವಾದರೆ ಸುಮಾರು 1.4 ಕಿಲೋ! ಅದರಲ್ಲಿ ಸಕ್ಕರೆಯಂಶವೇ ಹೆಚ್ಚು, ನೀರಿನಂಶ ಸಾಮಾನ್ಯವಾಗಿ ಶೇ. 20ಕ್ಕಿಂತ ಕಡಿಮೆ. ಹಾಗಾಗಿ ಅರ್ಧ ಕಿಲೋ ಬಾಟಲಿಯಲ್ಲಿ ಇರುವುದು ಸುಮಾರು 350 ಮಿ.ಲೀ. ಜೇನು ಮಾತ್ರ. ಅಂಗಡಿಯವರು ಅಳತೆಯಲ್ಲಿ ಮೋಸ ಮಾಡಿದರೆಂದು ಬೇಸರಪಡಬೇಡಿ.

ಅಡುಗೆಮನೆಯ ಲೆಕ್ಕಕ್ಕೆ, 5 ಮಿ.ಲೀ. ಟೀ ಚಮಚದಲ್ಲಿ 7 ಗ್ರಾಂ, 15 ಮಿ.ಲೀ. ಟೇಬಲ್ ಚಮಚದಲ್ಲಿ 21 ಗ್ರಾಂ, 240 ಮಿ.ಲೀ. ಕಪ್ಪಿನಲ್ಲಿ 340 ಗ್ರಾಂ ಜೇನು ಹಿಡಿಯುತ್ತದೆ. ಕೇಕಿಗೆ 100 ಗ್ರಾಂ ಜೇನು ಎಂದಿದ್ದರೆ 70 ಮಿ.ಲೀ. ಸಾಕು. 100 ಮಿ.ಲೀ. ಸುರಿದರೆ ಸಿಹಿ ಅತಿಯಾಗುತ್ತದೆ, ಕೇಕಿನ ಮೇಲ್ಭಾಗ ಬೇಗ ಕಂದಿಹೋಗುತ್ತದೆ. ನೀರಿನಂಶ ಹೆಚ್ಚಿರುವ ಜೇನು ತುಸು ಹಗುರ. ಅಳೆಯುವ ಮುನ್ನ ಚಮಚಕ್ಕೆ ಎಣ್ಣೆ ಸವರಿ. ಜೇನು ಅಂಟದೆ ಜಾರುತ್ತದೆ.